ಹೆಲಿಕಾಪ್ಟರು ಮತ್ತು ಅದರ ಅಜ್ಞಾತ ಸಾಧಕರು

ಸಾಧಕರನ್ನು ಗೌರವಿಸುವ ಸಂಪ್ರದಾಯ ಕನ್ನಡ ನಾಡಿಗೆ ಹೊಸದೇನೂ ಅಲ್ಲ. ವರ್ಷದ ಹನ್ನೆರಡು ತಿಂಗಳೂ ಯಾವುದಾದರೊಂದು ಊರಿನ ಸಭಾಭವನದಲ್ಲಿ ಯಾರಿಗಾದರೂ ಶಾಲು ಹೊದಿಸಿ, ಹಾರ ಹಾಕಿ, ಫಲತಾಂಬೂಲವಿತ್ತು, ಬಿನ್ನವತ್ತಳೆಯನ್ನೋದಿ ಸನ್ಮಾನಿಸುವುದು ನಡೆದೇ ಇರುತ್ತದೆ. ಕವಿಗಳು, ಕಲಾವಿದರು, ವೈದ್ಯರು, ಕ್ರೀಡಾಪಟುಗಳು, ಉದ್ಯಮಿಗಳು, ರಾಜಕಾರಣಿಗಳು ಹೀಗೆ ಸನ್ಮಾನಿತರ ಪಟ್ಟಿ ದೊಡ್ಡದು. ಒಂದು ಯಂತ್ರದ ಗೇರುಪೆಟ್ಟಿಗೆಯನ್ನು ಬಿಚ್ಚಿ, ಒರೆಸಿ, ಪರೀಕ್ಷಿಸಿ, ಮತ್ತೆ ಜೋಡಿಸಿ, ಇದು ಹಾರಲು ಯೋಗ್ಯವೆಂದು ಕಾಗದದ ಮೇಲೆ ರುಜು ಹಾಕಿದ ಮನುಷ್ಯನ ಹೆಸರು ಆ ಪಟ್ಟಿಯಲ್ಲಿ ಕಾಣಿಸಿಕೊಂಡುದುಂಟೆ? ಕಾಣಿಸಿದ್ದರೂ ಅದು ಅಪರೂಪವೇ ಸರಿ. ಆತನ ರುಜುವನ್ನು ನಂಬಿ ಆಕಾಶಕ್ಕೇರಿದವರ ಹೆಸರು ಪತ್ರಿಕೆಗಳಲ್ಲಿ ಬರುತ್ತದೆ. ರುಜು ಹಾಕಿದವನ ಹೆಸರು ದಾಖಲೆಯ ಕಡತದಲ್ಲಿ ಉಳಿಯುತ್ತದೆ. ಅಪಘಾತವಾದಾಗ ಮಾತ್ರ ಆ ಕಡತವನ್ನು ಎಲ್ಲರೂ ತೆರೆದು ನೋಡುತ್ತಾರೆ.

ಈ ಸಂಗತಿ ಭಾರತದ ಇತರ ರಾಜ್ಯಗಳಿಗಿಂತ ಕರ್ನಾಟಕಕ್ಕೆ ಹೆಚ್ಚು ಸಂಬಂಧಪಟ್ಟುದು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಕಾರದಿಂದ ಬೆಂಗಳೂರಿನಲ್ಲಿ ಆರಂಭಿಸಿದ ವಿಮಾನ ಕಾರ್ಖಾನೆಯೇ ಮುಂದೆ ಹಿಂದೂಸ್ತಾನ್ ಏರೋನಾಟಿಕ್ಸ್ ಆಗಿ ಬೆಳೆಯಿತು. 1962ರಲ್ಲಿ ಫ್ರಾನ್ಸಿನ ಸಂಸ್ಥೆಯೊಡನೆ ಒಪ್ಪಂದವಾಗಿ ಅಲುಯೆಟ್ ಹೆಲಿಕಾಪ್ಟರನ್ನು ಇಲ್ಲಿಯೇ ತಯಾರಿಸುವ ಏರ್ಪಾಡಾದಾಗ ಅದಕ್ಕೆ ರಾಣಾ ಪ್ರತಾಪನ ಕುದುರೆಯ ಹೆಸರು ಬಂದಿತು, ಅದೇ 'ಚೇತಕ್'. 1970ರ ಇನ್ನೊಂದು ಒಪ್ಪಂದದ ಫಲವಾಗಿ 'ಚೀತಾ' ಬಂದಿತು. 1984ರಲ್ಲಿ ಜರ್ಮನಿಯ ಸಂಸ್ಥೆಯೊಂದರ ನೆರವಿನೊಡನೆ ಕೈಗೆತ್ತಿಕೊಂಡ ಸ್ವದೇಶೀ ವಿನ್ಯಾಸದ ಕಾರ್ಯ ಎಂಟು ವರ್ಷಗಳ ತರುವಾಯ ಫಲಿಸಿ, 1992ರ ಆಗಸ್ಟ್ 20ರಂದು 'ಧ್ರುವ' ಬೆಂಗಳೂರಿನಲ್ಲಿ ಮೊದಲ ಬಾರಿಗೆ ನೆಲ ಬಿಟ್ಟಿತು. 2010ರ ಮಾರ್ಚ್ 29ರಂದು ಮೊದಲು ಹಾರಿದ ಲಘು ಯುದ್ಧ ಹೆಲಿಕಾಪ್ಟರು 2022ರ ಅಕ್ಟೋಬರ್ 3ರಂದು ಜೋಧಪುರದಲ್ಲಿ 'ಪ್ರಚಂಡ'ವೆಂಬ ಹೆಸರಿನಿಂದ ವಾಯುಪಡೆಯನ್ನು ಸೇರಿತು. 2023ರ ಫೆಬ್ರವರಿ 6ರಂದು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 615 ಎಕರೆ ವಿಸ್ತಾರದ ಹೆಲಿಕಾಪ್ಟರು ಕಾರ್ಖಾನೆ ಲೋಕಾರ್ಪಣೆಗೊಂಡಿತು. ತೆಂಗು ಅಡಕೆಗಳ ಸೀಮೆಯಲ್ಲಿ ಹಾರುವ ಯಂತ್ರದ ಕಾರ್ಖಾನೆ ನಿಂತಿದೆ. ಅಲ್ಲಿ ದುಡಿಯುವ ಕೈಗಳಲ್ಲಿ ಹಲವು ಈ ನಾಡಿನ ಶಾಲೆಗಳಿಂದಲೇ ಹೋಗಬೇಕು. ಆ ಕೈಗಳಿಗೆ ಯಾವ ಬಗೆಯ ಗೌರವ ಕಾದಿದೆ ಎಂಬುದನ್ನು ಈಗಲೇ ಆಲೋಚಿಸುವುದು ಅನುಚಿತವಾಗಲಾರದು.

ಹೆಲಿಕಾಪ್ಟರಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಈಗರ್ ಸಿಕೋರ್ಸ್ಕಿಯಿಂದ ಆರಂಭಿಸುತ್ತಾರೆ. ಕೀವ್ ನಗರದಲ್ಲಿ 1889ರಲ್ಲಿ ಹುಟ್ಟಿ, ಕ್ರಾಂತಿಯ ಕಾಲದಲ್ಲಿ ತಾಯ್ನಾಡನ್ನು ತೊರೆದು 1919ರಲ್ಲಿ ಅಮೆರಿಕವನ್ನು ಸೇರಿದ ಆ ಮಹಾಶಯನು 1939ರ ಸೆಪ್ಟೆಂಬರ್ 14ರಂದು ಕನೆಕ್ಟಿಕಟ್ ರಾಜ್ಯದಲ್ಲಿ ತನ್ನ ಯಂತ್ರವನ್ನು ಹಗ್ಗ ಕಟ್ಟಿದ ಸ್ಥಿತಿಯಲ್ಲಿ ನೆಲದಿಂದ ಮೇಲೆತ್ತಿದನು. ಅಲ್ಲಿಂದ ಐದು ವರ್ಷಗಳೊಳಗಾಗಿ ಆ ಯಂತ್ರವು ತಾನು ಯಾವ ಕೆಲಸಕ್ಕಾಗಿ ಹುಟ್ಟಿತೆಂಬುದನ್ನು ತೋರಿಸಿಕೊಟ್ಟಿತು. 1944ರ ಜನವರಿ 3ರಂದು ನ್ಯೂಯಾರ್ಕ್ ಬಂದರಿನ ಬಳಿ ಟರ್ನರ್ ಎಂಬ ಯುದ್ಧನೌಕೆ ಸ್ಫೋಟಗೊಂಡಾಗ, ಹಿಮ ಬೀಳುತ್ತಿದ್ದ ಹವೆಯಲ್ಲಿ, ಕರಾವಳಿ ಪಡೆಯ ಫ್ರಾಂಕ್ ಎರಿಕ್ಸನ್ ರಕ್ತರಸದ ಪೆಟ್ಟಿಗೆಗಳನ್ನು ಹೆಲಿಕಾಪ್ಟರಿಗೆ ಕಟ್ಟಿಕೊಂಡು ಗಾಯಾಳುಗಳಿದ್ದ ಆಸ್ಪತ್ರೆಗೆ ಮುಟ್ಟಿಸಿದನು. ಅದೇ ವರ್ಷದ ಏಪ್ರಿಲಿನಲ್ಲಿ ಬರ್ಮಾ ಕಾಡಿನಲ್ಲಿ ಕೆಳಗಿಳಿದ ವಿಮಾನವೊಂದರ ಚಾಲಕನನ್ನೂ ಗಾಯಗೊಂಡ ಮೂವರು ಬ್ರಿಟಿಷ್ ಸೈನಿಕರನ್ನೂ ಅಸ್ಸಾಮಿನ ಲಾಲಾಘಾಟಿನ ನೆಲೆಯಿಂದ ಹೊರಟ ಕಾರ್ಟರ್ ಹಾರ್ಮನ್ ಎಂಬ ತರುಣನು ಪಾರುಮಾಡಿದನು. ಯುದ್ಧರಂಗದಲ್ಲಿ ಹೆಲಿಕಾಪ್ಟರು ಮಾಡಿದ ಮೊತ್ತಮೊದಲ ರಕ್ಷಣಾಕಾರ್ಯವಿದು. ಆ ಯಂತ್ರ ಎಷ್ಟು ದುರ್ಬಲವಾಗಿದ್ದಿತೆಂದರೆ ಒಂದು ಸಲಕ್ಕೆ ಒಬ್ಬನನ್ನು ಮಾತ್ರ ಹೊರಬಲ್ಲುದಾಗಿತ್ತು. ಉಷ್ಣದೇಶದ ಸೆಕೆಗೆ ಎಂಜಿನು ಕಾದುಹೋಗಿ, ಆರಿದ ಮೇಲೆ ಮತ್ತೆ ಹೊರಡಬೇಕಾಗುತ್ತಿತ್ತು. ಹಾರ್ಮನ್ ಮುಂದೆ ಸಂಗೀತ ವಿಮರ್ಶಕನಾಗಿ ಹೆಸರು ಗಳಿಸಿದನೆಂಬುದು ಈ ಕಥೆಯ ಸ್ವಾರಸ್ಯಗಳಲ್ಲಿ ಒಂದು. ಆ ಕಾಡಿನ ನೆಲೆಯಲ್ಲಿ, ಆ ಸೆಕೆಯಲ್ಲಿ, ಆ ದುರ್ಬಲ ಎಂಜಿನನ್ನು ಹಾರಲು ಅಣಿಗೊಳಿಸಿದ ಕೈಗಳು ಯಾರವು ಎಂಬುದನ್ನು ಮಾತ್ರ ಜನಪ್ರಿಯ ಗ್ರಂಥಗಳು ಹೇಳುವುದಿಲ್ಲ.

ಭಾರತದಲ್ಲಿಯೂ ಇದೇ ಬಗೆಯ ಸಂಗತಿಗಳು ನಡೆದಿವೆ. 2013ರ ಜೂನ್ ತಿಂಗಳಲ್ಲಿ ಉತ್ತರಾಖಂಡದ ಪ್ರಳಯದಲ್ಲಿ ಸಿಕ್ಕಿದ ಯಾತ್ರಿಕರನ್ನು ವಾಯುಪಡೆ, ಭೂಸೇನೆಗಳ ಹೆಲಿಕಾಪ್ಟರುಗಳು ಕಣಿವೆ ಕಣಿವೆಗಳಿಂದ ಎತ್ತಿ ತಂದವು. ಆ ಕಾರ್ಯ ನಡೆಯುತ್ತಿದ್ದಾಗಲೇ ಜೂನ್ 25ರಂದು ಗೌರೀಕುಂಡದ ಬಳಿ ಒಂದು ಹೆಲಿಕಾಪ್ಟರು ಬಿದ್ದು ಅದರಲ್ಲಿದ್ದ 20 ಮಂದಿಯೂ ಅಸುನೀಗಿದರು. 2018ರ ಆಗಸ್ಟ್ 17ರಂದು ಕೇರಳದ ಆಲುವಾ ಬಳಿ ನೆರೆಯ ನಡುವೆ ಸಿಕ್ಕಿದ್ದ ತುಂಬು ಗರ್ಭಿಣಿಯೊಬ್ಬಳನ್ನು ನೌಕಾಪಡೆಯ ಕಮಾಂಡರ್ ವಿಜಯ್ ವರ್ಮಾ ಅವರ ಹೆಲಿಕಾಪ್ಟರು ಮೇಲಕ್ಕೆತ್ತಿಕೊಂಡಿತು; ಆಕೆಗೆ ಅದೇ ದಿನ ಹೆರಿಗೆಯಾಯಿತು. ಮರುವರ್ಷದ ಆಗಸ್ಟಿನಲ್ಲಿ ತುಂಗಭದ್ರೆ ಉಕ್ಕಿ ಹರಿದು ಹಂಪೆಯೆದುರಿನ ವಿರೂಪಾಪುರ ಗಡ್ಡೆಯಲ್ಲಿ ನೂರಾರು ಪ್ರವಾಸಿಗಳು ಸಿಕ್ಕಿಬಿದ್ದಾಗ ದೋಣಿಗಳ ಜೊತೆಗೆ ವಾಯುಪಡೆಯ ಹೆಲಿಕಾಪ್ಟರೂ ಬಂದುದನ್ನು ಕೊಪ್ಪಳ, ಹೊಸಪೇಟೆ ಭಾಗದ ಜನ ಮರೆತಿರಲಾರರು. ಇಂಥ ಸಂದರ್ಭಗಳಲ್ಲಿ ಚಾಲಕರಿಗೆ ಪದಕಗಳು ದೊರೆಯುತ್ತವೆ. ದೊರೆಯಲೇಬೇಕು. ಮನೆಯ ತಾರಸಿಯ ಮೇಲೆ, ತೆಂಗಿನ ಮರಗಳ ನಡುವೆ, ತನ್ನದೇ ರೆಕ್ಕೆಯ ಗಾಳಿಗೆ ಎಲ್ಲವೂ ಅಲ್ಲಾಡುತ್ತಿರುವಾಗ ಯಂತ್ರವನ್ನು ಅಲುಗದಂತೆ ನಿಲ್ಲಿಸಿಕೊಂಡಿರುವುದು ಸಾಮಾನ್ಯ ಸಾಹಸವಲ್ಲ. ಚಾಲಕರ ಗೌರವವನ್ನು ಕಡಿಮೆಮಾಡಬೇಕೆಂದು ಯಾವ ವಿವೇಕಿಯೂ ಹೇಳಲಾರನು. ಗೌರವವು ಅಲ್ಲಿಗೇ ನಿಂತುಬಿಡುತ್ತದಲ್ಲಾ ಎಂಬುದಷ್ಟೇ ಆಕ್ಷೇಪ.

ಹೆಲಿಕಾಪ್ಟರಿನ ಸ್ವಭಾವವನ್ನು ತಿಳಿದವರಿಗೆ ಈ ಆಕ್ಷೇಪದ ತೂಕ ಗೊತ್ತಾಗುತ್ತದೆ. ರೆಕ್ಕೆಯುಳ್ಳ ವಿಮಾನದ ಎಂಜಿನು ನಿಂತರೂ ರೆಕ್ಕೆಗಳು ಇದ್ದಲ್ಲಿಯೇ ಇರುತ್ತವೆ. ಅದು ತೇಲುತ್ತಾ ಸ್ವಲ್ಪ ದೂರ ಸಾಗಬಲ್ಲುದು. ಹೆಲಿಕಾಪ್ಟರಿಗೆ ರೆಕ್ಕೆಯೇ ತಿರುಗುವ ಯಂತ್ರಭಾಗ. ಚೇತಕ್ ಹೆಲಿಕಾಪ್ಟರಿನ ಟರ್ಬೈನು ನಿಮಿಷಕ್ಕೆ ಸುಮಾರು 33,500 ಸುತ್ತು ತಿರುಗುತ್ತದೆ. ಅದರ ಮೂರು ಅಲಗುಗಳ ಚಕ್ರವಾದರೋ ನಿಮಿಷಕ್ಕೆ ಸುಮಾರು 350 ಸುತ್ತು ಮಾತ್ರ. ಈ ಎರಡರ ನಡುವಿನ ಅಂತರವನ್ನೆಲ್ಲ ಹಲ್ಲುಚಕ್ರಗಳೇ ಹೊರಬೇಕು. ಎಂಜಿನು ನಿಂತರೆ ಕೆಳಗಿನಿಂದ ನುಗ್ಗುವ ಗಾಳಿಯ ಬಲದಿಂದಲೇ ಅಲಗುಗಳನ್ನು ತಿರುಗಿಸಿಕೊಂಡು ಇಳಿಯುವ ಉಪಾಯವುಂಟು. 1972ರ ಜೂನ್ 21ರಂದು ಫ್ರಾನ್ಸಿನ ಜಾನ್ ಬೂಲೇ ಎಂಬ ಚಾಲಕನು, ಇಲ್ಲಿ ಚೀತಾ ಎಂದು ಕರೆಯಲಾಗುವ ಅದೇ ಜಾತಿಯ ಯಂತ್ರದಲ್ಲಿ 12,442 ಮೀಟರುಗಳ ಎತ್ತರಕ್ಕೇರಿ, ಅಲ್ಲಿ ಎಂಜಿನು ಆರಿಹೋಗಲು, ನೆಲದವರೆಗೆ ಹೀಗೆಯೇ ಇಳಿದುಬಂದನು. ಆದರೆ ಗೇರುಪೆಟ್ಟಿಗೆ ಮುರಿದರೆ, ಅಲಗಿನ ಓರೆಯನ್ನು ಬದಲಿಸುವ ಕೀಲು ಸೀಳಿದರೆ, ಬಾಲದ ಚಕ್ರದ ದಂಡ ತುಂಡಾದರೆ ಎಂಥ ಚಾಲಕನ ಕೈಚಳಕಕ್ಕೂ ಅಲ್ಲಿ ಉಳಿಯುವ ಅವಕಾಶ ಬಹಳ ಕಡಿಮೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರು ಮೇಲಿನ ಚಕ್ರವನ್ನು ಕಂಬಕ್ಕೆ ಬಿಗಿದಿಟ್ಟ ಒಂದೇ ಒಂದು ದೊಡ್ಡ ನಟ್ಟನ್ನು 'ಯೇಸುವಿನ ನಟ್ಟು' ಎಂದು ಕರೆಯುತ್ತಿದ್ದರು. ಅದು ಸಡಲಿದರೆ ದೇವರ ಹೆಸರು ಹೇಳುವುದೊಂದೇ ಉಳಿಯುವ ಕೆಲಸವೆಂಬುದು ಆ ಪರಿಹಾಸದ ತಾತ್ಪರ್ಯ. ಆ ನಟ್ಟನ್ನು ಬಿಗಿದವನು ಹಾರುವವನಲ್ಲ. ಅವನು ನೆಲದ ಮೇಲಿರುವವನು.

ಗೇರುಪೆಟ್ಟಿಗೆಯ ಎಣ್ಣೆಯ ದಾರಿಯಲ್ಲಿ ಒಂದು ಅಯಸ್ಕಾಂತದ ಬಿರಡೆಯನ್ನಿಟ್ಟಿರುತ್ತಾರೆ. ಒಳಗಿನ ಹಲ್ಲುಚಕ್ರವೋ ಬೇರಿಂಗೋ ಸವೆಯತೊಡಗಿದರೆ ಉಕ್ಕಿನ ಸಣ್ಣ ಚೂರು ಎಣ್ಣೆಯಲ್ಲಿ ತೇಲಿಬಂದು ಆ ಬಿರಡೆಗೆ ಅಂಟಿಕೊಳ್ಳುತ್ತದೆ. ಯಂತ್ರಜ್ಞನು ಬಿರಡೆಯನ್ನು ಹೊರತೆಗೆದು, ಬೆಳಕಿಗೆ ಹಿಡಿದು, ಆ ಚೂರು ಯಾವ ಭಾಗದ್ದು, ನಿರಪಾಯಕರವೋ ಅಪಾಯದ ಮುನ್ಸೂಚನೆಯೋ ಎಂದು ನಿರ್ಣಯಿಸಬೇಕು. 2009ರ ಏಪ್ರಿಲ್ 1ರಂದು ಸ್ಕಾಟ್ಲೆಂಡಿನ ಕಡಲಿನಲ್ಲಿ ತೈಲಬಾವಿಯ ಕೆಲಸಗಾರರನ್ನು ಕರೆತರುತ್ತಿದ್ದ ಸೂಪರ್ ಪ್ಯೂಮಾ ಹೆಲಿಕಾಪ್ಟರಿನ ಗೇರುಪೆಟ್ಟಿಗೆ ಒಡೆದು, ಮೇಲಿನ ಚಕ್ರ ಕಳಚಿಹೋಗಿ 16 ಮಂದಿ ಸತ್ತರು. ಆ ದುರಂತಕ್ಕೆ ಸುಮಾರು 36 ಹಾರಾಟದ ಗಂಟೆಗಳ ಮೊದಲು ಬಿರಡೆಯ ಮೇಲೆ ಒಂದು ಲೋಹದ ಚೂರು ಸಿಕ್ಕಿತ್ತೆಂದು ಬ್ರಿಟಿಷ್ ತನಿಖಾಧಿಕಾರಿಗಳು ವರದಿಮಾಡಿದರು. ಚೂರು ಸಿಕ್ಕಿದ್ದು ನಿಜ. ಅದನ್ನು ನೋಡಿದ್ದು ನಿಜ. ಅದರ ಬಗ್ಗೆ ಮಾತುಕತೆ ನಡೆದುದೂ ನಿಜ. ಆದರೆ ಯಂತ್ರ ನಡೆಸುವವರಿಗೂ ಯಂತ್ರ ತಯಾರಿಸಿದವರಿಗೂ ನಡುವೆ ನಡೆದ ಆ ಮಾತುಕತೆಯಲ್ಲಿ ತಪ್ಪು ತಿಳಿವಳಿಕೆ ಸೇರಿಕೊಂಡು, ಚೂರು ಒಳಗಿನ ಹಲ್ಲುಚಕ್ರದ ಬಿರುಕಿನ ಸೂಚನೆಯೆಂಬುದು ಗೊತ್ತಾಗದೆ ಹೋಯಿತು. ಕಡಲೆಬೇಳೆಗಿಂತ ಸಣ್ಣದಾದ ಒಂದು ಚೂರಿನ ಅರ್ಥವನ್ನು ಓದುವುದು ಹದಿನಾರು ಕುಟುಂಬಗಳ ಭವಿಷ್ಯವಾಗಿದ್ದಿತು. ಇದನ್ನು ಬಲ್ಲವನ ವಿದ್ಯೆಯನ್ನು ಕೇವಲ ಕೂಲಿಯ ಕೆಲಸವೆಂದು ಕರೆಯುವುದು ಹೇಗೆ?

ಇದರ ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಡಬಾರದು. 2016ರ ಏಪ್ರಿಲ್ 29ರಂದು ನಾರ್ವೆಯ ಟುರೋಯ್ ದ್ವೀಪದ ಬಳಿ ಅದೇ ವಂಶದ ಇನ್ನೊಂದು ಹೆಲಿಕಾಪ್ಟರಿನ ಚಕ್ರ ಕಳಚಿ 13 ಮಂದಿ ಮಡಿದಾಗ ಯಾವ ಬಿರಡೆಯೂ ಮುನ್ಸೂಚನೆ ಕೊಟ್ಟಿರಲಿಲ್ಲ. ಹಲ್ಲುಚಕ್ರದ ಉಕ್ಕು ಒಳಗೊಳಗೇ ಬಳಲಿ ಬಿರಿದಿತ್ತು. ನೆಲದ ಮೇಲಿನ ಯಂತ್ರಜ್ಞರು ತಮ್ಮ ಕೆಲಸವನ್ನು ತಪ್ಪಿಲ್ಲದೆ ಮಾಡಿಯೂ ಅನಾಹುತ ಸಂಭವಿಸಬಹುದು. ಅಂದ ಮೇಲೆ ಗೌರವದ ಜೊತೆಯಲ್ಲಿ ಹೊಣೆಯೂ ವಿನ್ಯಾಸಕಾರನಿಂದ ಹಿಡಿದು ಲೋಹಶಾಸ್ತ್ರಜ್ಞನವರೆಗೆ, ತನಿಖೆ ನಡೆಸುವವನವರೆಗೆ ಹಂಚಿಕೊಳ್ಳತಕ್ಕುದು. ಅಪಘಾತವಾದೊಡನೆ ಕೆಳಗಿನ ದರ್ಜೆಯ ನೌಕರನೊಬ್ಬನ ಮೇಲೆ ಬೆರಳು ತೋರಿಸುವ ಚಾಳಿ ಎಲ್ಲ ದೇಶಗಳಲ್ಲಿಯೂ ಇರುವುದುಂಟು. ಯಶಸ್ಸಿನಲ್ಲಿ ಹೆಸರಿಲ್ಲದವನಿಗೆ ಅಪಯಶಸ್ಸಿನಲ್ಲಿ ಮಾತ್ರ ಹೆಸರು ಕೊಡುವುದು ನ್ಯಾಯವಲ್ಲ.

ಈ ಅನ್ಯಾಯದ ಬಹು ದೊಡ್ಡ ಉದಾಹರಣೆ ಹೆಲಿಕಾಪ್ಟರಿನ ಜಗತ್ತಿನದಲ್ಲ, ವಿಮಾನದ ಜಗತ್ತಿನದು; ಆದರೂ ಇಲ್ಲಿ ಹೇಳಲೇಬೇಕಾದುದು. ರೈಟ್ ಸೋದರರ ಹೆಸರನ್ನು ಕೇಳದ ಶಾಲಾಬಾಲಕನಿಲ್ಲ. ಚಾರ್ಲ್ಸ್ ಟೇಲರನ ಹೆಸರನ್ನು ಕೇಳಿದ ಅಧ್ಯಾಪಕರೂ ವಿರಳ. 1868ರಲ್ಲಿ ಹುಟ್ಟಿದ ಈತನು 1901ರಲ್ಲಿ ಡೇಟನ್ ಊರಿನ ರೈಟ್ ಸೋದರರ ಸೈಕಲ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದನು. ವಿಮಾನಕ್ಕೆ ಬೇಕಾದಷ್ಟು ಹಗುರವಾದ ಎಂಜಿನನ್ನು ಮಾಡಿಕೊಡಲು ಯಾವ ಕಾರ್ಖಾನೆಯೂ ಒಪ್ಪದೆ ಹೋದಾಗ, ಟೇಲರನು ಅದೇ ಅಂಗಡಿಯ ಹಿಂಬದಿಯಲ್ಲಿ ಒಂದು ಲೇತು, ಒಂದು ಕೊರೆಯುವ ಯಂತ್ರ ಮತ್ತು ಕೈ ಉಪಕರಣಗಳಿಂದ ಆರು ವಾರಗಳಲ್ಲಿ ಎಂಜಿನನ್ನು ನಿರ್ಮಿಸಿಕೊಟ್ಟನು. ಸುಮಾರು 12 ಅಶ್ವಶಕ್ತಿಯ ಆ ಎಂಜಿನಿನಿಂದಲೇ 1903ರ ಡಿಸೆಂಬರ್ 17ರಂದು ಮಾನವನು 12 ಸೆಕೆಂಡುಗಳ ಕಾಲ ಆಕಾಶದಲ್ಲಿದ್ದನು. 1911ರಲ್ಲಿ ಕ್ಯಾಲ್‌ಬ್ರೇತ್ ರಾಜರ್ಸ್ ಎಂಬ ಸಾಹಸಿ ಅಮೆರಿಕ ಖಂಡವನ್ನು ವಿಮಾನದಲ್ಲಿ ದಾಟಲು ಹೊರಟು ದಾರಿಯುದ್ದಕ್ಕೂ ಬಿದ್ದೆದ್ದಾಗ, ಮುರಿದ ವಿಮಾನವನ್ನು ಮತ್ತೆ ಮತ್ತೆ ಹಾರುವಂತೆ ಮಾಡುವ ಕೆಲಸದಲ್ಲಿ ಟೇಲರನೂ ಇದ್ದನು.

ಆಮೇಲೆ ಕಾಲ ಅವನನ್ನು ಮರೆಯಿತು. ಕ್ಯಾಲಿಫೋರ್ನಿಯಾದಲ್ಲಿ ಭೂಮಿ ಕೊಂಡು ಹಣ ಕಳೆದುಕೊಂಡು, ಲಾಸ್ ಏಂಜಲೀಸಿನ ಕಾರ್ಖಾನೆಯಲ್ಲಿ ಸಾಮಾನ್ಯ ಯಂತ್ರಕರ್ಮಿಯಾಗಿ ದುಡಿಯುತ್ತಿದ್ದಾಗ ಅವನ ಅಕ್ಕಪಕ್ಕದ ಯಂತ್ರಗಳ ಬಳಿ ನಿಂತವರಿಗೆ ಅವನು ಯಾರೆಂಬುದೇ ತಿಳಿದಿರಲಿಲ್ಲ. ಹೆನ್ರಿ ಫೋರ್ಡನು ರೈಟ್ ಸೋದರರ ಅಂಗಡಿಯನ್ನು ವಸ್ತುಸಂಗ್ರಹಾಲಯವಾಗಿ ಮರಳಿ ಕಟ್ಟಿಸುವಾಗ ಅವನನ್ನು ಹುಡುಕಿಸಿ ಕರೆಸಿದನು. ಆರ್ವಿಲ್ ರೈಟ್ 1948ರಲ್ಲಿ ತೀರಿಕೊಂಡಾಗ ತನ್ನ ಉಯಿಲಿನಲ್ಲಿ ವರ್ಷಕ್ಕೆ 800 ಡಾಲರುಗಳನ್ನು ಅವನಿಗೆ ಬಿಟ್ಟಿದ್ದನು. ಧಾರಣೆಗಳು ಏರಿದ ಆ ಕಾಲದಲ್ಲಿ ಅದು ಸಾಲಲಿಲ್ಲ. 1955ರಲ್ಲಿ ಪತ್ರಿಕಾ ವರದಿಗಾರನೊಬ್ಬನು ಅವನನ್ನು ಕಂಡುದು ಆಸ್ಪತ್ರೆಯ ಧರ್ಮಾರ್ಥ ವಿಭಾಗದಲ್ಲಿ. ಸುದ್ದಿ ಹರಡಿ ವಿಮಾನೋದ್ಯಮದವರು ಹಣ ಕೂಡಿಸಿ ಅವನನ್ನು ಖಾಸಗಿ ಆರೈಕೆಗೆ ಸಾಗಿಸಿದರು. ಕೆಲವೇ ತಿಂಗಳುಗಳಲ್ಲಿ, 1956ರ ಜನವರಿ 30ರಂದು, ಅವನು ಕಣ್ಮುಚ್ಚಿದನು.

ಅಮೆರಿಕದವರು ತಡವಾಗಿಯಾದರೂ ಈ ಋಣವನ್ನು ತೀರಿಸಲು ಯತ್ನಿಸಿದರೆಂಬುದನ್ನು ಹೇಳದಿದ್ದರೆ ಅಪಚಾರವಾದೀತು. ಅಲ್ಲಿನ ವಿಮಾನಯಾನ ಆಡಳಿತವು ಐವತ್ತು ವರ್ಷ ಯಂತ್ರಜ್ಞರಾಗಿ ಸೇವೆ ಸಲ್ಲಿಸಿದವರಿಗೆ ಟೇಲರನ ಹೆಸರಿನಲ್ಲಿಯೇ ಪ್ರಶಸ್ತಿಯನ್ನು ಕೊಡುತ್ತದೆ. ಐವತ್ತು ವರ್ಷ ಸುರಕ್ಷಿತವಾಗಿ ಹಾರಿದ ಚಾಲಕರಿಗೆ ರೈಟ್ ಸೋದರರ ಹೆಸರಿನ ಪ್ರಶಸ್ತಿ. ಎರಡಕ್ಕೂ ಒಂದೇ ಅಳತೆಯ ವರ್ಷಗಳನ್ನಿಟ್ಟಿರುವುದರಲ್ಲಿ ಔಚಿತ್ಯವಿದೆ. ಟೇಲರನ ಜನ್ಮದಿನವಾದ ಮೇ 24ನ್ನು ವಿಮಾನ ಯಂತ್ರಜ್ಞರ ದಿನವಾಗಿ ಆಚರಿಸುವ ಪದ್ಧತಿಯೂ ಬೆಳೆದಿದೆ. ಹೆಲಿಕಾಪ್ಟರು ರಂಗಕ್ಕೆ ಬಂದರೆ, 1948ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ ಬಹುಕಾಲ ಅಂತಾರಾಷ್ಟ್ರೀಯ ಹೆಲಿಕಾಪ್ಟರು ಸಂಘವೆಂದು ಪ್ರಸಿದ್ಧವಾಗಿದ್ದು 2024ರಲ್ಲಿ ಹೆಸರು ಬದಲಿಸಿಕೊಂಡ ಸಂಸ್ಥೆ ಚಾಲಕರ ಜೊತೆಗೆ ನಿರ್ವಹಣಾ ಯಂತ್ರಜ್ಞರನ್ನೂ ತನ್ನ ಪ್ರಶಸ್ತಿಗಳಲ್ಲಿ ಸೇರಿಸಿಕೊಂಡು ಬಂದಿದೆ. ಅದೇ ವೇದಿಕೆಯಲ್ಲಿ, ಅದೇ ಸಭೆಯೆದುರು, ಕಪ್ಪು ಎಣ್ಣೆಯ ಕಲೆ ಉಗುರಿನಿಂದ ಹೋಗದ ಮನುಷ್ಯನೂ ಎದ್ದು ನಿಲ್ಲುತ್ತಾನೆ. ಪ್ರಶಸ್ತಿಯ ಮೊಬಲಗಿಗಿಂತ ಆ ಸಮಾನ ವೇದಿಕೆಯೇ ದೊಡ್ಡದು.

ಆ ಸಂಸ್ಥೆ ನಡೆಸಿದ ಇನ್ನೊಂದು ಪ್ರಚಾರಕಾರ್ಯವೂ ಗಮನಾರ್ಹ. ಹವೆ ಕೆಟ್ಟರೆ, ಯಂತ್ರದಲ್ಲಿ ಅಪರಿಚಿತ ಸದ್ದು ಕೇಳಿದರೆ, ಮನಸ್ಸಿಗೆ ಅನುಮಾನ ಬಂದರೆ ಮುಂದುವರಿಯಬೇಡ, ಎದುರಿಗೆ ಕಂಡ ಹೊಲದಲ್ಲಿಯೇ ಇಳಿದುಬಿಡು, ಬದುಕಿ ಉಳಿ ಎಂದು ಅದು ಚಾಲಕರಿಗೆ ಸಾರಿತು. ಎಲ್ಲಿ ಬೇಕಾದರೂ ಇಳಿಯಬಲ್ಲ ಯಂತ್ರವನ್ನು ಕೈಯಲ್ಲಿಟ್ಟುಕೊಂಡು ಮೋಡದೊಳಕ್ಕೆ ನುಗ್ಗಿ ಸಾಯುವವರು ಇದ್ದುದರಿಂದಲೇ ಹೀಗೆ ಸಾರಬೇಕಾಯಿತು. ಮೇಲ್ನೋಟಕ್ಕೆ ಇದು ಹೇಡಿತನದ ಉಪದೇಶವೆನ್ನಿಸೀತು. ಹಾಗಲ್ಲ. ಕಾಯುತ್ತಿರುವ ಮಾಲೀಕ, ಅವಸರದ ಪ್ರಯಾಣಿಕ, ನಗುವ ಸಹೋದ್ಯೋಗಿ ಇವರೆಲ್ಲರೆದುರು 'ಇಂದು ಹಾರುವುದಿಲ್ಲ' ಎನ್ನಲು ಬೇಕಾದ ಧೈರ್ಯ ಬಿರುಗಾಳಿಯಲ್ಲಿ ಹಾರಲು ಬೇಕಾದ ಧೈರ್ಯಕ್ಕಿಂತ ಕಡಿಮೆಯದಲ್ಲ. ನೆಲದ ಮೇಲಿನ ಎಂಜಿನಿಯರನಿಗೆ ಈ ಧೈರ್ಯ ಇನ್ನೂ ಹೆಚ್ಚಾಗಿ ಬೇಕು. ಏಕೆಂದರೆ ಅವನು ಯಂತ್ರವನ್ನು ತಡೆದು ನಿಲ್ಲಿಸಿದರೆ ನಷ್ಟ ಎಲ್ಲರ ಕಣ್ಣಿಗೆ ಬೀಳುತ್ತದೆ, ತಪ್ಪಿದ ಅಪಘಾತ ಯಾರ ಕಣ್ಣಿಗೂ ಬೀಳುವುದಿಲ್ಲ. ಪದಕ ಕೊಡುವವರು ನಡೆದ ಘಟನೆಯನ್ನು ಹುಡುಕುತ್ತಾರೆ. ಇವನ ಸಾಧನೆಯೆಲ್ಲ ನಡೆಯದೆ ಹೋದ ಘಟನೆಗಳು.

ಭಾರತದ ಯಂತ್ರಜ್ಞರ ಸಾಧನೆ ಇವರಾರಿಗೂ ಕಡಿಮೆಯದಲ್ಲ. 1984ರ ಏಪ್ರಿಲ್ 13ರಂದು ಸಿಯಾಚಿನ್ ಹಿಮನದಿಯಲ್ಲಿ ಮೇಘದೂತ ಕಾರ್ಯಾಚರಣೆ ಆರಂಭವಾದಂದಿನಿಂದ ಅಲ್ಲಿನ ಸೈನಿಕರ ಅನ್ನ, ಸೀಮೆಎಣ್ಣೆ, ಔಷಧಿ, ಕಾಗದ ಪತ್ರ ಎಲ್ಲವೂ ಬಹುಮಟ್ಟಿಗೆ ಹೆಲಿಕಾಪ್ಟರನ್ನೇ ಅವಲಂಬಿಸಿದವು. ಕೆಲವು ಠಾಣೆಗಳು 20,000 ಅಡಿಗಳಿಗೂ ಮೇಲೆ. ಗಾಳಿ ತೆಳುವಾದ ಆ ಎತ್ತರದಲ್ಲಿ ಚೀತಾ ಹೊರಬಲ್ಲುದು ಅಲ್ಪಸ್ವಲ್ಪ ಸಾಮಾನನ್ನು ಮಾತ್ರ. ಇಳಿದಲ್ಲಿ ಎಂಜಿನನ್ನು ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಮತ್ತೆ ಹೊತ್ತಿಕೊಳ್ಳುವ ಭರವಸೆಯಿಲ್ಲ. ಆದುದರಿಂದ ಚಕ್ರ ತಿರುಗುತ್ತಿರುವಾಗಲೇ ಸಾಮಾನಿಳಿಸಿ ಗಾಯಾಳುವನ್ನೇರಿಸಬೇಕು. ಬೆಂಗಳೂರಿನಲ್ಲಿ ಜೋಡಣೆಯಾದ ಎಂಜಿನು ಅಲ್ಲಿ ಒಂದು ಕ್ಷಣ ತಪ್ಪದೆ ಉರಿಯಬೇಕು. ಬುಡದ ನೆಲೆಗಳಲ್ಲಿ ಕೈಚೀಲ ಹಾಕಿಕೊಂಡರೆ ಬೋಲ್ಟು ಹಿಡಿಯಲಾಗದ, ಬರಿಗೈಯಲ್ಲಿ ಮುಟ್ಟಿದರೆ ಚರ್ಮವೇ ಲೋಹಕ್ಕಂಟುವ ಚಳಿಯಲ್ಲಿ ಅದನ್ನು ಸಜ್ಜುಗೊಳಿಸಬೇಕು. ಸಿಯಾಚಿನ್ನಿನ ಚಾಲಕರ ಕುರಿತು ಬರೆದಷ್ಟು ಈ ಜನರ ಕುರಿತು ಯಾರೂ ಬರೆದಂತಿಲ್ಲ.

ಈಚಿನ ಒಂದು ಕಹಿ ಪ್ರಸಂಗವನ್ನೂ ಎದುರಿಸಲೇಬೇಕು. 2025ರ ಜನವರಿ 5ರಂದು ಗುಜರಾತಿನ ಪೋರಬಂದರಿನಲ್ಲಿ ಕರಾವಳಿ ಪಡೆಯ ಧ್ರುವ ಹೆಲಿಕಾಪ್ಟರೊಂದು ಬಿದ್ದು ಮೂವರು ಪ್ರಾಣ ತೆತ್ತರು. ಚಕ್ರದ ಅಲಗುಗಳಿಗೆ ಚಾಲಕನ ಆಜ್ಞೆಯನ್ನು ಮುಟ್ಟಿಸುವ ಸ್ವಾಶ್‌ಪ್ಲೇಟ್ ಎಂಬ ಭಾಗ ಒಡೆದಿದ್ದುದು ಕಂಡುಬಂದಿತು. ದೇಶದ ಮುನ್ನೂರಕ್ಕೂ ಮಿಕ್ಕ ಧ್ರುವ ಹೆಲಿಕಾಪ್ಟರುಗಳು ತಿಂಗಳುಗಟ್ಟಲೆ ನೆಲದ ಮೇಲೆ ನಿಂತವು. ಪತ್ರಿಕೆಗಳಲ್ಲಿ ಕಟುಟೀಕೆಗಳು ಬಂದವು. ಅವುಗಳಲ್ಲಿ ಕೆಲವು ನ್ಯಾಯವಾದುವೇ. ಸ್ವದೇಶೀ ಎಂಬ ಮಾತಿನ ಹಿಂದೆ ದೋಷಗಳನ್ನು ಅಡಗಿಸಲಾಗದು. ಆದರೆ ನಿಂತ ಯಂತ್ರಗಳ ಒಂದೊಂದೇ ಭಾಗವನ್ನು ಬಿಚ್ಚಿ, ಬಿರುಕನ್ನು ಹುಡುಕಿ, ಮತ್ತೆ ಅವನ್ನು ಹಾರಲು ಯೋಗ್ಯವೆಂದು ಹೇಳುವ ಹೊಣೆ ಹೊತ್ತವರೂ ಇದೇ ರಂಗದ ಜನ. ಇಂಥ ದಿನಗಳಲ್ಲಿ ಗೌರವ ಸಮಾರಂಭಗಳನ್ನು ನಿಲ್ಲಿಸುವುದು ಸರಿಯಾದ ಮಾರ್ಗವಲ್ಲ. ಗೌರವದ ಅಳತೆಗೋಲನ್ನು ಬದಲಿಸುವುದು ಸರಿಯಾದುದು. ಎಷ್ಟು ಯಂತ್ರಗಳನ್ನು ಹೊರಕಳಿಸಿದನೆಂಬುದಕ್ಕಿಂತ ಎಷ್ಟನ್ನು ತಡೆದು ನಿಲ್ಲಿಸಿದನೆಂಬುದನ್ನು ಕೇಳಬೇಕಾಗಿದೆ.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಸಂಬಳಕ್ಕೆ ದುಡಿಯುವವನಿಗೆ ಸನ್ಮಾನವೇಕೆ ಎಂದು ಕೇಳುವವರುಂಟು. ಆ ಮಾತನ್ನು ಒಪ್ಪಿದರೆ ಅಧ್ಯಾಪಕರಿಗೂ ವೈದ್ಯರಿಗೂ ಕೊಡುವ ಪ್ರಶಸ್ತಿಗಳನ್ನು ನಿಲ್ಲಿಸಬೇಕಾದೀತು. ಇದರ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಎರಡನೆಯ ಆಕ್ಷೇಪ ಇನ್ನಷ್ಟು ಬಲವಾದುದು. ಹೆಲಿಕಾಪ್ಟರು ಹಲವರ ಕೈಯ ಕೂಸು, ಅದರಲ್ಲಿ ಒಬ್ಬನನ್ನು ಆರಿಸಿ ಹಾರ ಹಾಕಿದರೆ ಉಳಿದ ಇಪ್ಪತ್ತು ಮಂದಿಗೆ ಅನ್ಯಾಯವಲ್ಲವೆ? ಒಳಗಿನ ಮೆಚ್ಚುಗೆ, ವಶೀಲಿ, ಯೂನಿಯನ್ನಿನ ಜಗಳ ಇವೆಲ್ಲ ನುಗ್ಗುವುದಿಲ್ಲವೆ? ನುಗ್ಗಬಹುದು. ಭಾರತ ಸರ್ಕಾರವು ಕಾರ್ಮಿಕರಿಗಾಗಿ ಶ್ರಮ ಪ್ರಶಸ್ತಿಗಳನ್ನೂ ವಿಶ್ವಕರ್ಮ ರಾಷ್ಟ್ರೀಯ ಪುರಸ್ಕಾರವನ್ನೂ ಏರ್ಪಡಿಸಿದಾಗ ಒಬ್ಬೊಬ್ಬರಿಗೆ ಮಾತ್ರವಲ್ಲದೆ ಗುಂಪುಗಳಿಗೂ ಅವಕಾಶವಿತ್ತುದು ಈ ತೊಡಕನ್ನು ಬಲ್ಲವರ ಕೆಲಸ. ಹೆಲಿಕಾಪ್ಟರಿಗೂ ಅದೇ ಯೋಗ್ಯವಾದ ಮಾರ್ಗ: ಒಂದು ಯಂತ್ರಕ್ಕೆ ಹೊಣೆಯಾದ ಇಡೀ ತಂಡವನ್ನು ವೇದಿಕೆಗೆ ಕರೆಯಬೇಕು. ಒಂದೇ ಒಂದು ಸಂದರ್ಭದಲ್ಲಿ ಒಬ್ಬನ ಹೆಸರನ್ನೇ ಹೇಳತಕ್ಕುದು. ಮೇಲಿನವರ ಒತ್ತಾಯಕ್ಕೆ ಮಣಿಯದೆ ಒಬ್ಬನೇ ನಿಂತು ರುಜು ಹಾಕಲು ನಿರಾಕರಿಸಿ, ಆಮೇಲೆ ಅವನದೇ ಸರಿಯೆಂದು ಕಂಡುಬಂದಾಗ.

ದತ್ತಿನಿಧಿಗಳನ್ನಿಡುವ ಉದಾರಿಗಳಿಗೂ ಇಲ್ಲಿ ಯೋಚನೆಗೆ ಎಡೆಯಿದೆ. ಶಾಲೆಗಳಲ್ಲಿ ಕನ್ನಡಕ್ಕೆ, ಸಂಸ್ಕೃತಕ್ಕೆ, ಗಣಿತಕ್ಕೆ ಮೊದಲ ಅಂಕ ಪಡೆದವರಿಗೆ ಹಿರಿಯರ ಸ್ಮರಣಾರ್ಥ ಬಹುಮಾನಗಳಿರುತ್ತವೆ. ಹತ್ತನೆಯ ತರಗತಿ ಮುಗಿಸಿ ಕೈಗಾರಿಕಾ ತರಬೇತಿ ಸಂಸ್ಥೆಗೆ ಹೋಗಿ ಫಿಟ್ಟರನೋ ಟರ್ನರನೋ ಆಗುವ ಹುಡುಗನಿಗೆ ಏನಿರುತ್ತದೆ? ಹೆಚ್ಚು ಕಡಿಮೆ ಏನೂ ಇಲ್ಲ. ಅವನು 'ಓದು ಹತ್ತದವನು' ಎಂಬ ಮಾತನ್ನು ಹೊತ್ತುಕೊಂಡು ಗೇಟು ದಾಟುತ್ತಾನೆ. ಸಾವಿರದಲ್ಲೊಂದಂಶ ಅಂಗುಲವನ್ನು ಬೆರಳ ತುದಿಯಲ್ಲಿ ಗುರುತಿಸಬಲ್ಲ ವಿದ್ಯೆ ಯಾವ ಅಂಕಪಟ್ಟಿಯಲ್ಲೂ ಕಾಣುವುದಿಲ್ಲ. ಗುಬ್ಬಿಯ ಕಾರ್ಖಾನೆಯಂಥವು ಕೇಳುವುದು ಈ ವಿದ್ಯೆಯನ್ನೇ. ಅದಕ್ಕೊಂದು ಬಹುಮಾನವನ್ನು, ಅದೇ ವಾರ್ಷಿಕೋತ್ಸವದ ವೇದಿಕೆಯಲ್ಲಿ, ಗಣಿತದ ಬಹುಮಾನದ ಪಕ್ಕದಲ್ಲಿಯೇ ಇಡಬಹುದು.

ಅದನ್ನು ಕೈಯಾರೆ ನೀಡಲು ಮಂತ್ರಿಗಳನ್ನೋ ದೊಡ್ಡ ಅಧಿಕಾರಿಗಳನ್ನೋ ಕಾಯಬೇಕಾಗಿಲ್ಲ. ಬೆಂಗಳೂರಿನ ವಿಮಾನಪುರದ ಸುತ್ತಮುತ್ತಲ ಬಡಾವಣೆಗಳಲ್ಲಿ, ಚೇತಕ್ ಚೀತಾಗಳ ಕಾಲದಲ್ಲಿ ಕೆಲಸಕ್ಕೆ ಸೇರಿ ಧ್ರುವದ ಕಾಲದಲ್ಲಿ ನಿವೃತ್ತರಾದ ಫೋರ್‌ಮನ್ನರು, ಚಾರ್ಜ್‌ಹ್ಯಾಂಡುಗಳು, ಪರೀಕ್ಷಕರು ಇದ್ದಾರೆ. ಬೆಳಗ್ಗೆ ಹಾಲು ತರಲು ಹೊರಟವರು ತಲೆಯ ಮೇಲೆ ಹೆಲಿಕಾಪ್ಟರಿನ ಸದ್ದು ಕೇಳಿದೊಡನೆ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು, ಅದರ ಗೇರುಪೆಟ್ಟಿಗೆ ಸರಿಯಾಗಿ ಓಡುತ್ತಿದೆಯೇ ಎಂದು ಕಿವಿಯಿಂದಲೇ ತಿಳಿಯಬಲ್ಲ ಜನ ಅವರು. ಒಂದು ಆಮಂತ್ರಣ ಪತ್ರಿಕೆಯನ್ನು ಅವರ ಮನೆಯ ಬಾಗಿಲಿಗೆ ಮುಟ್ಟಿಸಿದರೆ ಬರುತ್ತಾರೆ.